ಟಿಕೆಟ್ ಬುಕ್ ಮಾಡುವ ಮೊದಲು ಕಾಡಿನ ಕ್ಯಾಲೆಂಡರ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟವನ್ನು ನಾನು ಬಿಡದೆ ಓದುತ್ತೇನೆ. ಕೆಲವು ವರ್ಷಗಳಿಂದ ಆ ಪುಟದಲ್ಲೂ, ಅದರ ಪಕ್ಕದ ಜಾಹೀರಾತುಗಳಲ್ಲೂ ಹುಲಿ ಕಾಡಿನ ಮಾತು ಜಾಸ್ತಿಯಾಗಿದೆ. ಇದು ಸಂತೋಷದ ವಿಷಯವೇ. ನಮ್ಮ ಮಕ್ಕಳು ರಜೆಯಲ್ಲಿ ಮಾಲ್ ಸುತ್ತುವ ಬದಲು ಕಾಡಿಗೆ ಹೋಗಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿ ಸಿಗುವ ಮಾಹಿತಿಯಲ್ಲಿ ಎಲ್ಲಿ ಉಳಿಯಬೇಕು, ಎಷ್ಟು ಖರ್ಚಾಗುತ್ತದೆ, ಹತ್ತಿರದ ವಿಮಾನ ನಿಲ್ದಾಣ ಯಾವುದು ಎಂಬುದೆಲ್ಲ ಇರುತ್ತದೆ. ಯಾವ ಕಾಡಿಗೆ ಯಾವಾಗ ಹೋಗಬಾರದು ಎಂಬುದು ಮಾತ್ರ ಇರುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಇತ್ತೀಚೆಗೆ ಪರಿಚಯದವರೊಬ್ಬರು ಒಂದು ಪ್ಯಾಕೇಜಿನ ವಿವರ ತೋರಿಸಿದರು. ಏಪ್ರಿಲ್ ಕೊನೆಯಲ್ಲಿ ಹೊರಡುವುದು. ಒಂದೇ ವಾರದಲ್ಲಿ ಕಾನ್ಹಾ, ಬಾಂಧವಗಢ ಮುಗಿಸಿ, ಅಲ್ಲಿಂದ ಕೋಲ್ಕತ್ತಾಗೆ ಹಾರಿ, ಸುಂದರಬನ ನೋಡಿಕೊಂಡು ವಾಪಸ್. ಹುಲಿ ಕಾಣುವ ಅವಕಾಶ ದುಪ್ಪಟ್ಟು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಹೊರಡುವವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೂ ಇದ್ದಾರೆ, ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ. ಹೋಗಬೇಡಿ ಎಂದು ನಾನು ನೇರವಾಗಿಯೇ ಹೇಳಿದೆ. ಕಾಡಿಗೆ ಹೋಗಬೇಡಿ ಅಂತಲ್ಲ, ಹೀಗೆ ಹೋಗಬೇಡಿ ಅಂತ. ಮಧ್ಯಪ್ರದೇಶದ ಒಣ ಕಾಡು ಮತ್ತು ಬಂಗಾಳದ ಉಪ್ಪುನೀರಿನ ಕಾಡು ಎರಡರಲ್ಲೂ ಹುಲಿ ಇದೆ, ನಿಜ. ಆದರೆ ಒಂದಕ್ಕೆ ಒಳ್ಳೆಯ ಕಾಲ ಇನ್ನೊಂದಕ್ಕೆ ಕೆಟ್ಟ ಕಾಲ. ಎರಡನ್ನೂ ಒಂದೇ ವಾರಕ್ಕೆ ಕಟ್ಟಿದರೆ ಯಾವುದೋ ಒಂದು ಕಡೆ ಸೋಲು ಖಂಡಿತ.

ನಮ್ಮಲ್ಲಿ ಮನೆಮಂದಿ ಎಲ್ಲ ಒಟ್ಟಿಗೆ ಹೊರಡಬೇಕಾದರೆ ಸಿಗುವುದು ಮೂರೇ ಸಮಯ. ದಸರಾ ರಜೆ, ಡಿಸೆಂಬರ್ ಕೊನೆಯ ರಜೆ, ಮತ್ತೆ ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆ. ಈ ಮೂರಕ್ಕೆ ಕಾಡುಗಳನ್ನು ಹೊಂದಿಸಿ ನೋಡಿದರೆ ಅರ್ಧ ಪ್ಲಾನ್ ತಾನಾಗಿಯೇ ಆಗುತ್ತದೆ.

ದಸರಾದಿಂದಲೇ ಶುರು ಮಾಡೋಣ. ಮಧ್ಯ ಭಾರತದ ಹುಲಿ ಕಾಡುಗಳ ಒಳಭಾಗ, ಅಂದರೆ ಕೋರ್ ಪ್ರದೇಶ, ಮಳೆಗಾಲದಲ್ಲಿ ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮುಚ್ಚಿರುತ್ತದೆ. ಅಕ್ಟೋಬರ್ 1ರ ಸುಮಾರಿಗೆ ಬಾಗಿಲು ತೆರೆಯುತ್ತದೆ. ಆಗಷ್ಟೇ ತೆರೆದ ಕಾಡು ತುಂಬ ಚೆನ್ನಾಗಿರುತ್ತದೆ, ಹಸಿರು ಕಣ್ಣು ತುಂಬುತ್ತದೆ. ಆದರೆ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಎಲ್ಲ ಹಳ್ಳದಲ್ಲೂ ನೀರಿರುತ್ತದೆ. ಪ್ರಾಣಿಗಳು ಒಂದು ಕಡೆ ಸೇರುವ ಅಗತ್ಯವೇ ಇರುವುದಿಲ್ಲ. ಹಸಿರು ನೋಡಲು, ಹಕ್ಕಿ ನೋಡಲು ಹೋಗುವುದಾದರೆ ಹೋಗಿ. ಹುಲಿಯೊಂದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಅಕ್ಟೋಬರ್‌ನಲ್ಲಿ ಅಷ್ಟು ದೂರ ಹೋಗಬೇಡಿ. ಉತ್ತರಾಖಂಡದ ಕಾರ್ಬೆಟ್‌ನಲ್ಲಿ ಎಲ್ಲರೂ ಬಯಸುವ ಢಿಕಾಲಾ ವಲಯವಂತೂ ನವೆಂಬರ್ ಮಧ್ಯದವರೆಗೆ ತೆರೆಯುವುದೇ ಇಲ್ಲ. ಅಸ್ಸಾಂನ ಕಾಜಿರಂಗ ಕೂಡ ಮಳೆಗಾಲದ ಪ್ರವಾಹದ ದಿನಗಳಲ್ಲಿ ಮುಚ್ಚಿರುತ್ತದೆ. ಹೀಗಾಗಿ ದಸರಾ ರಜೆಗೆ ನಮ್ಮೂರ ಹತ್ತಿರದ ಕಾಡೇ ಸರಿ. ಅದರ ವಿಷಯ ಆಮೇಲೆ ಹೇಳುತ್ತೇನೆ.

ವಾರದ ರಜೆಯ ವಿಷಯವನ್ನೂ ಯಾರೂ ಹೇಳುವುದಿಲ್ಲ. ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢದಂಥ ಕಾಡುಗಳಲ್ಲಿ ಬುಧವಾರ ಮಧ್ಯಾಹ್ನದ ಸಫಾರಿ ಇರುವುದಿಲ್ಲ. ಮಹಾರಾಷ್ಟ್ರದ ತಡೋಬಾದ ಕೋರ್ ಮಂಗಳವಾರ ಮುಚ್ಚಿರುತ್ತದೆ. ಎರಡೇ ದಿನಕ್ಕೆಂದು ಹೋದವರಿಗೆ ಅದರಲ್ಲಿ ಒಂದು ದಿನ ಹೀಗೆ ಕೈಬಿಟ್ಟರೆ ಉಳಿದದ್ದೇನು?

ಈಗ ಬೇಸಿಗೆ ರಜೆ. ಹುಲಿ ಕಾಣಲು ಇದೇ ಒಳ್ಳೆಯ ಕಾಲ. ಎಲೆ ಉದುರಿರುತ್ತದೆ, ದೂರದವರೆಗೆ ಕಾಣುತ್ತದೆ, ನೀರು ಕೆಲವೇ ಕೆರೆಗಳಲ್ಲಿ ಉಳಿದಿರುತ್ತದೆ. ಬೆಂಗಳೂರಿನಿಂದ ನಾಗಪುರಕ್ಕೆ ರೈಲೂ ಇದೆ, ವಿಮಾನವೂ ಇದೆ. ನಾಗಪುರದಲ್ಲಿ ಇಳಿದರೆ ಪೆಂಚ್, ತಡೋಬಾ ಎರಡೂ ಎರಡು ಮೂರು ಗಂಟೆಯ ದಾರಿ. ಕಾನ್ಹಾ ಇನ್ನೂ ಸ್ವಲ್ಪ ದೂರ. ಆದರೆ ನಾಗಪುರದ ಸುತ್ತಲಿನ ವಿದರ್ಭದ ಮೇ ತಿಂಗಳ ಬಿಸಿಲು ಮೈಸೂರಿನವರು ಊಹಿಸುವಂಥದ್ದಲ್ಲ. 42, 44 ಡಿಗ್ರಿ ಅಲ್ಲಿ ಮಾಮೂಲಿ. ತೆರೆದ ಜಿಪ್ಸಿಯಲ್ಲಿ ಮಧ್ಯಾಹ್ನದ ಸಫಾರಿಗೆ ಕೂತರೆ ಮುಖಕ್ಕೆ ಬಡಿಯುವ ಗಾಳಿಯೂ ಕಾದಿರುತ್ತದೆ. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಹೋಗುವುದಾದರೆ ಮಾರ್ಚ್‌ನಲ್ಲಿ ಹೋಗಿ, ಇಲ್ಲವೇ ಬೆಳಗಿನ ಸಫಾರಿ ಮಾತ್ರ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಹೋಗುವವರಿಗೆ ಇದರ ಉಲ್ಟಾ ತೊಂದರೆ. ಜನವರಿಯ ಬೆಳಗ್ಗೆ ಕಾನ್ಹಾದ ಹುಲ್ಲುಗಾವಲಿನ ಮೇಲೆ ಮಂಜು ಗಟ್ಟಿಯಾಗಿ ಬಿಳಿ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಕಡೆಯವರು ಒಂದು ತೆಳು ಸ್ವೆಟರ್ ಹಾಕಿಕೊಂಡು ಹೋಗಿ ಮೂರು ಗಂಟೆ ನಡುಗುತ್ತಾ ಕೂರುತ್ತಾರೆ. ಕೈಗವಸು, ಕಿವಿ ಮುಚ್ಚುವ ಟೋಪಿ, ಹೊದೆಯಲು ಒಂದು ಕಂಬಳಿ, ಇಷ್ಟು ಇಲ್ಲದೆ ಡಿಸೆಂಬರ್-ಜನವರಿಯಲ್ಲಿ ಅಲ್ಲಿಗೆ ಹೋಗಲೇಬಾರದು.

ಬುಕಿಂಗ್ ಬಗ್ಗೆಯೂ ಒಂದು ಮಾತು. ಪ್ರತಿ ಗೇಟಿಗೆ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿ ಇದೆ. ಅದು ಇರಲೇಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕೆಲವು ತಿಂಗಳು ಕೋರ್ ಪ್ರದೇಶದ ಪ್ರವಾಸವನ್ನೇ ನಿಲ್ಲಿಸಿತ್ತು. ಆಮೇಲೆ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂತು, ಕೋರ್‌ನ ಶೇ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸ ಬೇಡ ಎಂದಾಯಿತು. ಹಾಗಾಗಿ ಸೀಟು ಕಡಿಮೆ, ಕೇಳುವವರು ಜಾಸ್ತಿ. ಮೂರ್ನಾಲ್ಕು ತಿಂಗಳ ಮೊದಲೇ ಅರಣ್ಯ ಇಲಾಖೆಯ ಅಧಿಕೃತ ತಾಣದಲ್ಲಿ ನೀವೇ ಬುಕ್ ಮಾಡಿ. ಯಾವ ಗುರುತಿನ ಚೀಟಿಯ ನಂಬರ್ ಕೊಟ್ಟಿರುತ್ತೀರೋ ಅದರ ಮೂಲ ಪ್ರತಿ ಗೇಟಿನಲ್ಲಿ ಬೇಕು. ಹೋಟೆಲ್ ಮೊದಲು ಬುಕ್ ಮಾಡಿ ಆಮೇಲೆ ಸಫಾರಿ ಹುಡುಕುವುದು ಬೇಡ. ಸಫಾರಿ ಸಿಕ್ಕಿದ ಮೇಲೆ, ಅದು ಯಾವ ಗೇಟೋ ಆ ಗೇಟಿನ ಹತ್ತಿರ ಉಳಿಯಿರಿ. ಕಾನ್ಹಾದ ಕಿಸ್ಲಿ ಗೇಟಿಗೂ ಮುಕ್ಕಿ ಗೇಟಿಗೂ ರಸ್ತೆಯಲ್ಲಿ ಸುತ್ತಿ ಬರಬೇಕು. ಮುಕ್ಕಿಯಲ್ಲಿ ರೂಮು, ಕಿಸ್ಲಿಯಲ್ಲಿ ಸಫಾರಿ ಅಂದರೆ ನಡುರಾತ್ರಿ ಎದ್ದು ಹೊರಡಬೇಕಾಗುತ್ತದೆ.

ಒಂದೇ ಕಾಡಿನಲ್ಲಿ ಮೂರು ನಾಲ್ಕು ದಿನ ಇರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇದಕ್ಕೆ ಕಾರಣ ಇದೆ. ಒಂದೇ ಸಫಾರಿಗೆ ಬಂದವರು ಡ್ರೈವರ್ ಮೇಲೆ ಒತ್ತಡ ಹಾಕುತ್ತಾರೆ. ಹುಲಿ ತೋರಿಸಿದರೆ ಜಾಸ್ತಿ ಟಿಪ್ಸ್ ಎನ್ನುತ್ತಾರೆ. ಆ ಡ್ರೈವರ್ ಪಾಪ ಏನು ಮಾಡುತ್ತಾನೆ? ಜಿಂಕೆಯೋ ಮುಸುವವೋ ಎಲ್ಲೋ ಕೂಗಿದ ಸದ್ದು ಕೇಳಿದ ಕೂಡಲೇ ಗಾಡಿ ಓಡಿಸುತ್ತಾನೆ, ಇನ್ನೊಬ್ಬ ಓಡಿಸುತ್ತಾನೆ, ನೋಡನೋಡುತ್ತಿದ್ದಂತೆ ಹತ್ತು ಹದಿನೈದು ಜಿಪ್ಸಿಗಳು ಒಂದು ಹುಲಿಯ ದಾರಿಗೆ ಅಡ್ಡ ನಿಲ್ಲುತ್ತವೆ. ಪ್ರಾಣಿಯಿಂದ ಕನಿಷ್ಠ 20 ಮೀಟರ್, ಎರಡು ವಾಹನಗಳ ನಡುವೆ 50 ಮೀಟರ್ ಅಂತರ ಇರಬೇಕು ಎಂದು ಅದೇ ಮಾರ್ಗಸೂಚಿಯಲ್ಲಿದೆ. ಅದನ್ನು ಮುರಿಯುವುದು ಡ್ರೈವರ್ ಆದರೂ ಮುರಿಸುವುದು ಹಿಂದೆ ಕೂತ ನಾವು. ನಾಲ್ಕು ದಿನ ಇದ್ದವರಿಗೆ ಈ ಆತುರ ಇರುವುದಿಲ್ಲ. ಅವರು ಕಾನ್ಹಾದಲ್ಲಿ ಬಾರಾಸಿಂಗಾ ಎಂಬ ದೊಡ್ಡ ಕೊಂಬಿನ ಜಿಂಕೆಯನ್ನು ನೋಡುತ್ತಾರೆ. 1970ರಲ್ಲಿ ಗಟ್ಟಿ ನೆಲದಲ್ಲಿ ಬದುಕುವ ಈ ಉಪಜಾತಿಯ ಬಾರಾಸಿಂಗಾ ಬರೀ 66 ಉಳಿದಿದ್ದವು. ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಊರುಗಳನ್ನು ಸ್ಥಳಾಂತರ ಮಾಡಿದ ಜಾಗದಲ್ಲಿ ಹುಲ್ಲು ಬೆಳೆಸಿ, ಬೇಲಿ ಹಾಕಿ ಕಾಪಾಡಿ, ಇವತ್ತು ನೂರಾರು ಆಗಿವೆ. ಹುಲಿಯ ಹಿಂದೆ ಓಡುವ ಜಿಪ್ಸಿಯವರು ಅದೇ ಹುಲ್ಲುಗಾವಲನ್ನು ನಿಲ್ಲದೆ ದಾಟುತ್ತಾರೆ. ಎಂಥ ನಷ್ಟ ನೋಡಿ.

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾರ್ಬೆಟ್ ಪ್ರಕರಣದ ತೀರ್ಪಿನಲ್ಲಿ ಕೋರ್ ಪ್ರದೇಶದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಬೇಡ, ರಾತ್ರಿ ಪ್ರವಾಸವೂ ಬೇಡ ಎಂದಿದೆ. ನನಗಂತೂ ತುಂಬ ಖುಷಿಯಾಯಿತು. ಫೋಟೊ ಬೇಕಿದ್ದವರು ಕ್ಯಾಮೆರಾ ತರಲಿ.

ಇನ್ನು ಡಿಸೆಂಬರ್ ರಜೆ. ನನ್ನ ಮಟ್ಟಿಗೆ ಇದು ಉಪ್ಪುನೀರಿನ ಕಾಡುಗಳ ಕಾಲ. ಸುಂದರಬನಕ್ಕೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಮೇ ತಿಂಗಳಲ್ಲಿ ಬೇಡವೇ ಬೇಡ. ಐಲಾ ಚಂಡಮಾರುತ ಬಂದದ್ದು 2009ರ ಮೇ 25ರಂದು, ಆಂಫನ್ 2020ರ ಮೇ 20ರಂದು, ಯಾಸ್ 2021ರ ಮೇ ಕೊನೆಯ ವಾರದಲ್ಲಿ. ಮೂರೂ ನಮ್ಮ ಬೇಸಿಗೆ ರಜೆಯಲ್ಲೇ. ಆ ಪ್ಯಾಕೇಜು ಮಾಡಿದವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಚಂಡಮಾರುತ ಬರದಿದ್ದರೂ ಬೆವರು ಹರಿಸುವ ಸೆಕೆಯಲ್ಲಿ ದಿನವಿಡೀ ದೋಣಿಯಲ್ಲಿ ಕೂರಲು ಅಜ್ಜಿಗೆ ಆಗುತ್ತದೆಯೇ?

ಸುಂದರಬನ ಎಂದರೆ ಏನು ಎಂಬುದನ್ನು ಹೊರಡುವ ಮೊದಲೇ ಮನೆಯವರಿಗೆ ಸರಿಯಾಗಿ ಹೇಳಬೇಕು. ಅಲ್ಲಿ ಜೀಪಿಲ್ಲ. ರಸ್ತೆಯೂ ಇಲ್ಲ. ಎಲ್ಲವೂ ದೋಣಿಯಲ್ಲೇ. ಕೋಲ್ಕತ್ತಾದಿಂದ ನೂರು ಕಿಲೋಮೀಟರ್ ಆಸುಪಾಸು ಹೋದರೆ ಗದಖಾಲಿ ಎಂಬ ಘಾಟ್, ಅಲ್ಲಿಗೆ ರಸ್ತೆ ಮುಗಿಯುತ್ತದೆ. ರೈಲಿನಲ್ಲಿ ಹೋಗುವವರು ಸಿಯಾಲ್ದಾದಿಂದ ಕ್ಯಾನಿಂಗ್‌ವರೆಗೆ ಲೋಕಲ್ ಹಿಡಿದು, ಅಲ್ಲಿಂದ ಗದಖಾಲಿಗೆ ಗಾಡಿಯಲ್ಲಿ ಹೋಗಬಹುದು. ನದಿಯ ಆಚೆ ಗೋಸಾಬಾ. ಭಾರತದ ಭಾಗದಲ್ಲಿ 102 ದ್ವೀಪಗಳಿವೆ ಎಂದು ಲೆಕ್ಕ. ಅದರಲ್ಲಿ 54ರಲ್ಲಿ ಜನ ಇದ್ದಾರೆ, ಉಳಿದದ್ದು ಕಾಡು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರದ ಜೊತೆ ಇದೂ ಇತ್ತು. ರಾಷ್ಟ್ರೀಯ ಉದ್ಯಾನವನ್ನು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

2022ರ ಗಣತಿಯ ಪ್ರಕಾರ ಅಲ್ಲಿ ಸುಮಾರು ನೂರು ಹುಲಿಗಳಿವೆ. ಆದರೆ ಕಾಣುವುದು ಬಹಳ ಅಪರೂಪ. ಹೆಂತಾಲ್ ಎಂಬ ಕುಳ್ಳ ಈಚಲ ಜಾತಿಯ ಪೊದೆ ದಡದುದ್ದಕ್ಕೂ ಇದೆ. ಅದರ ಒಣಗಿದ ಗರಿಯ ಬಣ್ಣವೂ ಹುಲಿಯ ಮೈಬಣ್ಣವೂ ಒಂದೇ. ಹುಲಿ ಅಲ್ಲೇ ಕೂತು ನಿಮ್ಮನ್ನು ನೋಡುತ್ತಿದ್ದರೂ ನಿಮಗೆ ಕಾಣುವುದಿಲ್ಲ. ಹಾಗಾಗಿ ಹುಲಿ ಗ್ಯಾರಂಟಿ ಎಂದು ಸುಂದರಬನಕ್ಕೆ ಯಾರಾದರೂ ಪ್ಯಾಕೇಜು ಮಾರಿದರೆ ಅವರನ್ನು ನಂಬಬೇಡಿ.

ಹಾಗಾದರೆ ಏನು ನೋಡುವುದು? ಅಲ್ಲಿಯ ಕೆಸರು ದಂಡೆಯನ್ನೇ ನೋಡಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನೀರು ಇಳಿದಾಗ ಆಳೆತ್ತರದ ಕೆಸರಿನ ದಡ ಹೊರಗೆ ಬರುತ್ತದೆ. ಆ ಕೆಸರಿನಿಂದ ಸಾವಿರಾರು ಬೇರುಗಳು ಮೊಳೆ ಹೊಡೆದ ಹಾಗೆ ಮೇಲೆ ಎದ್ದು ನಿಂತಿರುತ್ತವೆ. ಮರ ಉಸಿರಾಡುವುದು ಆ ಬೇರುಗಳಿಂದ. ಕೆಸರಲ್ಲಿ ಗಾಳಿ ಇಲ್ಲವಲ್ಲ, ಅದಕ್ಕೆ ಬೇರೇ ಮೇಲೆ ಬರುತ್ತದೆ. ಕೆಂಪು ಏಡಿಗಳು ಓಡಾಡುತ್ತವೆ, ಕೆಸರಲ್ಲೇ ಜಿಗಿಯುವ ಮೀನುಗಳಿವೆ, ಉಪ್ಪುನೀರಿನ ಮೊಸಳೆ ಬಿಸಿಲು ಕಾಯುತ್ತಾ ಮಲಗಿರುತ್ತದೆ. ಆ ಕಡೆ ಬಿಟ್ಟು ಬೇರೆಲ್ಲೂ ಸುಲಭಕ್ಕೆ ಸಿಗದ ಕಂದು ರೆಕ್ಕೆಯ ಮಿಂಚುಳ್ಳಿ ಇದೆ. ಹುಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜಿದ್ದರೆ ಹೆಜ್ಜೆ ಗುರುತು ಕೆಸರಿನ ಮೇಲೆ ಆಳವಾಗಿ ಉಳಿದಿರುತ್ತದೆ. ದೋಣಿಯವರು ಅದನ್ನು ತೋರಿಸಿ, ಇದು ಇವತ್ತಿನದು, ಇದು ನಿನ್ನೆಯ ಉಬ್ಬರಕ್ಕೆ ಮೊದಲಿನದು ಎಂದು ಬಿಡಿಸಿ ಹೇಳುತ್ತಾರೆ. ಅದನ್ನು ಕೇಳುವುದೇ ಒಂದು ಪಾಠ.

ಅದಕ್ಕೇ ಹೇಳುವುದು, ಸುಂದರಬನದಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತದ ಸಮಯ ಮುಖ್ಯ. ನೀರು ಪೂರ್ತಿ ಏರಿದಾಗ ದಡ ಮುಳುಗಿರುತ್ತದೆ, ಕೆಸರಲ್ಲಿ ಇರುವ ಯಾವುದೂ ಕಾಣದು. ಪೂರ್ತಿ ಇಳಿದಾಗ ಸಣ್ಣ ತೊರೆಗಳಿಗೆ ದೋಣಿ ಹೋಗದು. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರಿಳಿತ ಇನ್ನೂ ಜೋರು. ಹೋಗುವ ದಿನ ಯಾವುದು, ಆ ದಿನ ಇಳಿತ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನು ಫೋನಿನಲ್ಲೇ ಕೇಳಿ. ಅವರಿಗೆ ಅದು ಬಾಯಿಪಾಠ. ಪರ್ಮಿಟ್ ಪಡೆಯುವುದು ಸಜನೇಖಾಲಿಯಲ್ಲಿ, ಇಲಾಖೆಯ ಗೈಡ್ ಜೊತೆಗೆ ಇರಲೇಬೇಕು. ಸುಧನ್ಯಖಾಲಿ, ದೋಬಾಂಕಿಯಂಥ ವೀಕ್ಷಣಾ ಗೋಪುರ ಇರುವ ಕಡೆ ಮಾತ್ರ ಇಳಿಯಬಹುದು. ದೋಬಾಂಕಿಯಲ್ಲಿ ಎತ್ತರದ ಬಲೆಯ ಹಾದಿ ಇದೆ. ಅಲ್ಲಿ ಜನ ಬಲೆಯೊಳಗೆ ನಡೆಯುತ್ತಾರೆ, ಹೊರಗೆ ಜಿಂಕೆ ಓಡಾಡುತ್ತದೆ. ಹಿರಿಯರಿದ್ದರೆ ದೋಣಿ ಹತ್ತುವ ಹಲಗೆ, ಶೌಚಾಲಯ, ನೆರಳು ಹೇಗಿದೆ ಎಂದು ಮೊದಲೇ ವಿಚಾರಿಸಿ. ಹಲಗೆ ಕೆಸರಿನಿಂದ ಜಾರುತ್ತದೆ. ಇದು ಸಣ್ಣ ಮಾತಲ್ಲ.

ಎರಡು ರಾತ್ರಿ ಆದರೂ ಉಳಿಯಿರಿ. ಬೆಳಗ್ಗೆ ಕೋಲ್ಕತ್ತಾದಿಂದ ಹೊರಟು ಸಂಜೆ ವಾಪಸ್ ಬರುವ ಪ್ರವಾಸದಲ್ಲಿ ಕಾಡಿನ ಅಂಚೂ ಸರಿಯಾಗಿ ಕಾಣುವುದಿಲ್ಲ, ದೋಣಿಯ ಮೇಲಿನ ಸ್ಪೀಕರ್ ಹಾಡು ಬೇರೆ. ಹಾಡು ಹಾಕುವ ದೋಣಿ ಬೇಡ ಎಂದು ಮೊದಲೇ ಹೇಳಿ. ಹಳ್ಳಿಯವರೇ ನಡೆಸುವ ಉಳಿತಾಣಗಳಿವೆ, ಅಲ್ಲಿ ಉಳಿಯಿರಿ. ಊಟಕ್ಕೆ ಮೀನಿನ ಸಾರು, ಅನ್ನ. ಮೀನು ತಿನ್ನದವರಿಗೆ ಬೇಳೆ ಸಾರು, ಪಲ್ಯ ಮಾಡಿಕೊಡುತ್ತಾರೆ, ಮೊದಲೇ ಹೇಳಿದರಾಯಿತು.

ಆ ಹಳ್ಳಿಗಳ ಬಗ್ಗೆ ನಮ್ಮ ಪ್ರವಾಸ ಲೇಖನಗಳಲ್ಲಿ ಏನೂ ಬರುವುದಿಲ್ಲ ಎಂಬುದು ನನಗೆ ತುಂಬ ಬೇಸರದ ವಿಷಯ. ಭಾರತದ ಸುಂದರಬನದಲ್ಲಿ ಸುಮಾರು 45 ಲಕ್ಷ ಜನ ಬದುಕುತ್ತಿದ್ದಾರೆ. ಎಷ್ಟೋ ದ್ವೀಪಗಳಲ್ಲಿ ನೆಲ ಉಬ್ಬರದ ನೀರಿಗಿಂತ ತಗ್ಗಿನಲ್ಲಿದೆ, ಮಣ್ಣಿನ ಏರಿಯೇ ರಕ್ಷಣೆ. ಐಲಾ ಬಂದಾಗ ಏರಿ ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿತು, ಆಮೇಲೆ ಎಷ್ಟೋ ಕಡೆ ವರ್ಷಗಟ್ಟಲೆ ಭತ್ತ ಸರಿಯಾಗಿ ಬರಲಿಲ್ಲ. ಮನೆಯ ಗಂಡಸರು ಕೆಲಸ ಹುಡುಕಿಕೊಂಡು ದೂರದ ಊರುಗಳಿಗೆ ಹೊರಟರು. ಊರಲ್ಲಿ ಉಳಿದವರು ಏಡಿ ಹಿಡಿಯಲು, ಜೇನು ಕೀಳಲು ಕಾಡಿಗೆ ಹೋಗುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಹುಲಿಗೆ ಬಲಿಯಾಗುತ್ತಾರೆ. ಗಂಡನನ್ನು ಹೀಗೆ ಕಳೆದುಕೊಂಡ ಹೆಂಗಸರು ಅಲ್ಲಿಯ ಹಳ್ಳಿಗಳಲ್ಲಿ ಇದ್ದಾರೆ. ಕಾಡಿಗೆ ಹೋಗುವ ಮೊದಲು ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕೈಮುಗಿಯುವುದು ಬೊನೊಬೀಬಿ ಎಂಬ ಕಾಡಿನ ತಾಯಿಗೆ. ಹುಲಿಯ ರೂಪದಲ್ಲಿ ಬರುವ ದೊಕ್ಖಿನ್ ರಾಯ್‌ನಿಂದ ದುಖೆ ಎಂಬ ಬಡ ಹುಡುಗನನ್ನು ಆ ತಾಯಿ ಕಾಪಾಡಿದ ಕಥೆಯನ್ನು ಊರಿನ ಕಲಾವಿದರು ರಾತ್ರಿ ಆಡಿ ತೋರಿಸುತ್ತಾರೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುವುದನ್ನು ಬಲ್ಲವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ. ಆ ಆಟ ನೋಡಿ, ಕಲಾವಿದರಿಗೆ ಕೈಲಾದಷ್ಟು ದುಡ್ಡು ಕೊಡಿ, ಜೇನುತುಪ್ಪವನ್ನು ಅವರ ಹತ್ತಿರವೇ ಕೊಳ್ಳಿ. ಆದರೆ ಹುಲಿಗೆ ಗಂಡನನ್ನು ಕಳೆದುಕೊಂಡವರ ಮನೆ ತೋರಿಸಿ ಎಂದು ಗೈಡನ್ನು ಕೇಳಬೇಡಿ. ದಯವಿಟ್ಟು.

ಸುಂದರಬನ ದೂರ ಅನ್ನಿಸಿದರೆ ಒಡಿಶಾದ ಭೀತರಕನಿಕಾ ಇದೆ. ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ರೈಲು ಭದ್ರಕ್ ಮೂಲಕವೇ ಹೋಗುತ್ತದೆ, ಅಲ್ಲಿ ಇಳಿದರೆ ಭೀತರಕನಿಕಾದ ಹೆಬ್ಬಾಗಿಲಿನಂತಿರುವ ಚಾಂದಬಾಲಿ ಒಂದೂವರೆ ಗಂಟೆಯ ದಾರಿ. ಅಲ್ಲಿ ಹುಲಿ ಇಲ್ಲ. ಆದರೆ ಉಪ್ಪುನೀರಿನ ಮೊಸಳೆಗಳು ಸುಮಾರು 1,800 ಇವೆ. 1975ರಲ್ಲಿ ಅವು ಇನ್ನೇನು ಮುಗಿದೇ ಹೋದವು ಎನ್ನುವಾಗ ಮೊಟ್ಟೆ ತಂದು ಮರಿ ಮಾಡಿಸಿ ತೊರೆಗೆ ಬಿಡುವ ಕೆಲಸ ಡಾಂಗಮಾಲ್‌ನಲ್ಲಿ ಶುರುವಾಯಿತು. ಚಳಿಗಾಲದ ಬೆಳಗ್ಗೆ ಇಳಿತದ ಹೊತ್ತಿಗೆ ಖೋಲಾ ಗೇಟಿನಿಂದ ದೋಣಿಯಲ್ಲಿ ಹೋದರೆ ಮೊಸಳೆ ಕಾಣದೆ ವಾಪಸ್ ಬರುವ ಪ್ರಶ್ನೆಯೇ ಇಲ್ಲ. ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಆದರೆ ಮೊಸಳೆ ಮೊಟ್ಟೆ ಇಡುವ ಕಾಲ ಎಂದು ಮೇ 1ರಿಂದ ಜುಲೈ ಕೊನೆಯವರೆಗೆ ಉದ್ಯಾನ ಮುಚ್ಚುತ್ತಾರೆ. ಮೇ ರಜೆಯಲ್ಲಿ ಹೋದವರು ಗೇಟಿನಿಂದಲೇ ತಿರುಗಿ ಬರಬೇಕಾಗುತ್ತದೆ.

ಈಗ ನಮ್ಮ ಕಾಡುಗಳು. ಕರ್ನಾಟಕದಲ್ಲಿ ಐದು ಹುಲಿ ಸಂರಕ್ಷಿತ ಪ್ರದೇಶಗಳಿವೆ. ಬಂಡೀಪುರ, ನಾಗರಹೊಳೆ, ಭದ್ರಾ, ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ), ಕಾಳಿ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿ, ಮಧ್ಯಪ್ರದೇಶದ ನಂತರ ನಮ್ಮದೇ ಜಾಗ. ಕಬಿನಿಯ ಹಿನ್ನೀರು ಏಪ್ರಿಲ್-ಮೇ ತಿಂಗಳಲ್ಲಿ ಇಳಿದು ಹಸಿರು ಹುಲ್ಲಿನ ಬಯಲು ಬಿಟ್ಟುಕೊಡುತ್ತದೆ, ಆಗ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುವುದನ್ನು ನೋಡಲು ಜಗತ್ತಿನ ಬೇರೆ ಬೇರೆ ಕಡೆಯಿಂದ ಜನ ಬರುತ್ತಾರೆ. ನಾವು ಮಾತ್ರ ಹುಲಿ ಸಿಗಲಿಲ್ಲ ಎಂದು ಗೊಣಗಿಕೊಂಡು ಬರುತ್ತೇವೆ, ಅಲ್ವಾ? ರಾತ್ರಿ ಸಂಚಾರದ ನಿಷೇಧವನ್ನು ಪ್ಲಾನ್‌ನಲ್ಲಿ ಸೇರಿಸಿಕೊಳ್ಳಿ. ಬಂಡೀಪುರದೊಳಗಿನ ಊಟಿ ಮತ್ತು ಸುಲ್ತಾನ್ ಬತ್ತೇರಿ ರಸ್ತೆಗಳು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ. ಮೈಸೂರು–ಮಾನಂದವಾಡಿ ರಸ್ತೆಯ ಕಾಡಿನ ಭಾಗ ಸಂಜೆ 6ಕ್ಕೇ ಮುಚ್ಚುತ್ತದೆ. ಗೇಟಿನಲ್ಲಿ ನಿಂತು ಸಿಬ್ಬಂದಿಯ ಜೊತೆ ಜಗಳ ಆಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ನಿಷೇಧದಿಂದ ಉಳಿದ ಜೀವಗಳಿಗೆ ಲೆಕ್ಕವಿದೆಯೇ?

2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ಆಗ ಬುಕ್ ಮಾಡಿದವರು ದುಡ್ಡಿನ ಬಗ್ಗೆ, ರಜೆ ಹಾಳಾದ ಬಗ್ಗೆ ಜಾಸ್ತಿ ಮಾತನಾಡಿದರು. ಸಫಾರಿ ನಿಲ್ಲಿಸಿದರೆ ದಾಳಿ ನಿಲ್ಲುತ್ತದೆಯೇ ಎಂಬ ಚರ್ಚೆ ಇರಲಿ, ಅದನ್ನು ತಿಳಿದವರು ಮಾಡಲಿ. ಆದರೆ ದನ ಮೇಯಿಸಲು ಹೋದವನು ಸಂಜೆ ಮನೆಗೆ ಬರಲಿಲ್ಲ ಎನ್ನುವ ಊರಿನ ಪಕ್ಕದಲ್ಲೇ ನಾವು ಜೀಪಿನಲ್ಲಿ ಹುಲಿ ನೋಡಿ ಸಂಭ್ರಮ ಪಡುತ್ತೇವೆ. ಆ ಊರಿನವರ ಸಿಟ್ಟು ನ್ಯಾಯವಾದದ್ದು. ಹೊರಡುವ ವಾರ ಸಫಾರಿ ಇದೆಯೇ ಎಂದು ಇಲಾಖೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ, ನಿಂತಿದ್ದರೆ ಬೇಸರ ಮಾಡಿಕೊಳ್ಳದೆ ಬೇರೆ ಕಡೆ ಹೋಗಿ.

ಬೇರೆ ಕಡೆ ಎಂದಾಗ ನನ್ನ ಮನಸ್ಸಿಗೆ ಮೊದಲು ಬರುವುದು ಕಾಳಿ ನದಿ. ಹುಲಿ ಕಾಡು, ಉಪ್ಪುನೀರಿನ ಕಾಡು ಎರಡೂ ಬೇಕು ಎನ್ನುವವರು ಬಂಗಾಳಕ್ಕೇ ಹೋಗಬೇಕಿಲ್ಲ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟುವ ಕಾಳಿ, ದಾಂಡೇಲಿ-ಅಣಶಿಯ ಹುಲಿ ಕಾಡಿನ ನಡುವೆ ಹರಿದು, ಕದ್ರಾ ದಾಟಿ, ಕಾರವಾರದಲ್ಲಿ ಕಾಂಡ್ಲಾ ಎಂಬ ಉಪ್ಪುನೀರಿನ ಗಿಡಗಳ ನಡುವೆ ಸಮುದ್ರ ಸೇರುತ್ತದೆ. ಉತ್ತರ ಕನ್ನಡ ಒಂದೇ ಜಿಲ್ಲೆಯಲ್ಲಿ ಎಲ್ಲವೂ. ಎರಡು ದಿನ ದಾಂಡೇಲಿ ಹತ್ತಿರದ ಕುಳಗಿಯಲ್ಲಿ ಉಳಿದು ಬೆಳಗ್ಗೆ ಮಂಗಟ್ಟೆ ಹಕ್ಕಿ ನೋಡಿ. ಹುಲಿ ಅಲ್ಲಿ ಕಾಣುವುದು ಬಹಳ ಕಷ್ಟ, ಅದು ದಟ್ಟ ಕಾಡು. ಆಮೇಲೆ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಕುಮಟಾದ ಅಘನಾಶಿನಿ ಅಳಿವೆಗೆ ಹೋಗಿ. 2024ರಲ್ಲಿ ಅದು ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಿಳಿದಾಗ ಹೆಂಗಸರು ಗಂಡಸರು ಸೊಂಟದವರೆಗಿನ ನೀರಲ್ಲಿ ನಿಂತು ಚಿಪ್ಪಿಕಲ್ಲು, ಬಳಚು ಆರಿಸುವುದನ್ನು ನೋಡಬಹುದು. ಅಳಿವೆಯಂಚಿನ ಗಜನಿ ಗದ್ದೆಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಹಾದಿ ಮಾಡಿದ್ದಾರೆ, ಅಜ್ಜಿಯಂದಿರೂ ಆರಾಮವಾಗಿ ನಡೆಯಬಹುದು. ಉಸಿರಾಡುವ ಬೇರು ಎಂದರೇನು ಎಂದು ಮಕ್ಕಳಿಗೆ ಅಲ್ಲೇ ಕೈ ತೋರಿಸಿ ಹೇಳಬಹುದು. ಇದನ್ನು ನೋಡಿದ ಮಗು ಮುಂದೆ ಸುಂದರಬನಕ್ಕೆ ಹೋದರೆ ಅಲ್ಲಿಯ ಕೆಸರು ಅದಕ್ಕೆ ಬರೀ ಕೆಸರಾಗಿ ಕಾಣುವುದಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರವಾಸ ಪುಟದಲ್ಲಿ ಕಾಡಿನ ಬಗ್ಗೆ ಬರೆಯುವಾಗ ಅದು ಮುಚ್ಚಿರುವ ತಿಂಗಳು, ವಾರದ ರಜೆ, ಬಿಸಿಲು ಚಳಿಯ ನಿಜ ಸ್ಥಿತಿ, ಹಿರಿಯರಿಗೆ ಆಗುತ್ತದೆಯೋ ಇಲ್ಲವೋ ಎಂಬುದನ್ನು ಖರ್ಚಿನ ಪಕ್ಕದಲ್ಲೇ ಹಾಕಿ. ಹುಲಿ ಗ್ಯಾರಂಟಿ ಎನ್ನುವ ಜಾಹೀರಾತನ್ನು ತೆಗೆದುಕೊಳ್ಳಬೇಡಿ. ಕಾಡಿನಂಚಿನ ಊರುಗಳ ಸುದ್ದಿಯನ್ನು ಜಿಲ್ಲಾ ಪುಟದಲ್ಲಿ ಒಂದು ಕಡೆ, ಸಫಾರಿಯ ಚಿತ್ರವನ್ನು ಪುರವಣಿಯಲ್ಲಿ ಇನ್ನೊಂದು ಕಡೆ ಹಾಕುವ ಬದಲು ಒಮ್ಮೆಯಾದರೂ ಒಂದೇ ಪುಟದಲ್ಲಿ ಕೊಡಿ. ಇನ್ನೊಂದು ವಿಷಯ, ನಿಮ್ಮ ಬೇಸಿಗೆ ರಜೆಯ ಪುರವಣಿ ಏಪ್ರಿಲ್‌ನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಒಳ್ಳೆಯ ಗೇಟುಗಳ ಸಫಾರಿ ಎಲ್ಲ ಮುಗಿದಿರುತ್ತದೆ. ಅದನ್ನು ಜನವರಿಯಲ್ಲೇ ಕೊಡಿ, ಡಿಸೆಂಬರ್ ರಜೆಯದನ್ನು ಸೆಪ್ಟೆಂಬರ್‌ನಲ್ಲಿ ಕೊಡಿ.

ಇಂತಿ,
ನಿಮ್ಮ ಓದುಗ, ಮೈಸೂರು